ಗಿರಾಕಿ ಮತ್ತು ವರ್ತಕ: ಅಂಗಡಿಯ ಒರಟು ಮಾತಿನ ಚಾರಿತ್ರಿಕ ವಿವೇಚನೆ

೧. ವಿಷಯ ನಿರ್ದೇಶ

ಅಂಗಡಿಗೆ ಬಂದವನನ್ನು ಅಂಗಡಿಯವನು ಒರಟಾಗಿ ಮಾತನಾಡಿಸುವುದು, ಅಂಗಡಿಯ ಕೆಲಸಗಾರನನ್ನು ಗಿರಾಕಿಯು ಗದರಿಸುವುದು ದಿನನಿತ್ಯದ ಸಂಗತಿಗಳು. ದಿನನಿತ್ಯದವಾದ ಕಾರಣದಿಂದಲೇ ಅವು ಚರಿತ್ರೆಯ ಅಭ್ಯಾಸಿಗಳ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಯುದ್ಧ, ದಾನಶಾಸನ, ಭೂಕಂದಾಯ ಮೊದಲಾದ ವಿಷಯಗಳಿಗೆ ಸಲ್ಲುವ ಗಮನ ಗಲ್ಲಾಪೆಟ್ಟಿಗೆಯ ಮುಂದೆ ನಡೆಯುವ ಮಾತುಕತೆಗೆ ಸಲ್ಲುವುದಿಲ್ಲ. ಸಾಮಾನ್ಯವಾಗಿ ಇದನ್ನು ವ್ಯಕ್ತಿಯ ಸ್ವಭಾವದೋಷವೆಂದು ಎಣಿಸಿ, ‘ಅವನು ಸಿಡುಕ’, ‘ಇವಳಿಗೆ ಮಾತನಾಡಲು ಬಾರದು’ ಎಂದು ಹೇಳಿ ಬಿಟ್ಟುಬಿಡುವುದು ವಾಡಿಕೆ. ಪ್ರಕೃತ ಲೇಖನದಲ್ಲಿ ನಾವು ಪ್ರತಿಪಾದಿಸುವ ಅಂಶ ಬೇರೆ. ಅಂಗಡಿಯ ಮಾತಿನ ಒರಟುತನವು ಬಹುಮಟ್ಟಿಗೆ ಅವಲಂಬನೆಯ ಫಲ. ಇಬ್ಬರಲ್ಲಿ ಒಬ್ಬನಿಗೆ ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲದ ಕಡೆ ಮತ್ತೊಬ್ಬನ ನಾಲಗೆ ಸಡಿಲವಾಗುತ್ತದೆ. ಈ ಅವಲಂಬನೆಗೆ ಚರಿತ್ರೆಯುಂಟು. ಅದನ್ನು ತಿಳಿಯದೆ ಸೌಜನ್ಯದ ಉಪದೇಶ ಮಾಡಿದರೆ ಪ್ರಯೋಜನ ಅಲ್ಪ.

ವಿವೇಚನೆಗೆ ಹೆಗ್ಗಡದೇವನಕೋಟೆಯ ಬಳಿಯ ಹ್ಯಾಂಡ್‌ಪೋಸ್ಟನ್ನು ನೆಲೆಯಾಗಿ ಇಟ್ಟುಕೊಂಡಿದ್ದೇವೆ. ಹ್ಯಾಂಡ್‌ಪೋಸ್ಟ್ ಎಂದರೆ ಕೈಗಳನ್ನು ಚಾಚಿ ದಾರಿ ತೋರಿಸುವ ಕಂಬ. ನಾಡಿನ ಇತರ ಕಡೆಗಳಲ್ಲಿ ಇದನ್ನೇ ಕೈಮರವೆನ್ನುತ್ತಾರೆ. ಮೈಸೂರಿನಿಂದ ಬಂದ ದಾರಿಯು ಇಲ್ಲಿ ಕವಲೊಡೆದು ಒಂದು ಕೋಟೆಯ ಕಡೆಗೂ ಮತ್ತೊಂದು ಸರಗೂರಿನ ಕಡೆಗೂ ಹೋಗುತ್ತದೆ. ಹೊಗೆಸೊಪ್ಪು ಬೆಳೆಯುವ ರೈತರು, ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿ ಮಾಡಿ ಮರಳುವ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳವರು, ಶುಂಠಿ ಬೆಳೆಯಲು ಭೂಮಿಯನ್ನು ಗುತ್ತಿಗೆ ಹಿಡಿದ ಕೇರಳದವರು, ಕಬಿನಿ ಹಿನ್ನೀರಿನ ಕಡೆಗೆ ಹೋಗುವ ಪ್ರವಾಸಿಗಳು, ಹೀಗೆ ನಾನಾ ಬಗೆಯ ಜನ ಈ ಸೀಮೆಯ ರಸ್ತೆಗಳಲ್ಲಿ ಸಂಚರಿಸುತ್ತಾರೆ. ಇಷ್ಟು ಬಗೆಯವರು ಒಂದೇ ಅಂಗಡಿಯ ಮುಂದೆ ನಿಲ್ಲುವ ಊರಿನಲ್ಲಿ, ಎದುರಿನವರಿಗೆ ತಕ್ಕಂತೆ ಮಾತು ಹೇಗೆ ಬದಲಾಗುತ್ತದೆ ಎಂಬುದನ್ನು ಗುರುತಿಸುವುದು ಸುಲಭ.

೨. ಒರಟುತನದ ಒರೆಗಲ್ಲು

ಮೊದಲು ಒರಟುತನವೆಂದರೇನು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಕನ್ನಡದಲ್ಲಿ ಮರ್ಯಾದೆಯು ಸರ್ವನಾಮದಲ್ಲಿಯೂ ಕ್ರಿಯಾಪದದ ಕೊನೆಯಲ್ಲಿಯೂ ನೆಲೆಸಿರುತ್ತದೆ. ‘ಬಾ’ ಎಂಬುದಕ್ಕೂ ‘ಬನ್ನಿ’ ಎಂಬುದಕ್ಕೂ ಇರುವ ಅಂತರವನ್ನು ಮಗುವೂ ಬಲ್ಲದು. ಹಾಗೆಂದು ಏಕವಚನವೆಲ್ಲ ಅವಮಾನವಲ್ಲ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅಂಗಡಿಯವನು ‘ಏನವ್ವ, ಏನು ಬೇಕು ನಿಂಗೆ?’ ಎಂದು ಕೇಳುತ್ತಾನೆ. ಮುದುಕಿಯು ‘ಕಾಲು ಕೆಜಿ ಬೆಲ್ಲ ಕೊಡಪ್ಪ’ ಎನ್ನುತ್ತಾಳೆ. ಇಬ್ಬರದೂ ಏಕವಚನ. ಅವ್ವ, ಅಪ್ಪ, ಅಣ್ಣ, ಅಕ್ಕ ಎಂಬ ಬಳಗದ ಪದಗಳು ಆ ಏಕವಚನಕ್ಕೆ ಸಲಿಗೆಯನ್ನು ತಂದುಕೊಡುತ್ತವೆ. ಅದೇ ಅಂಗಡಿಯಲ್ಲಿ ಒಬ್ಬನಿಗೆ ‘ಏನೋ, ಯಾವಾಗ ಬಂದೆ?’ ಎಂಬ ಪ್ರಶ್ನೆಯೂ, ಅವನಿಂದ ‘ಈಗ ಬಂದೆ ಬುದ್ಧಿ’ ಎಂಬ ಉತ್ತರವೂ ನಡೆಯುವುದಾದರೆ ಅಲ್ಲಿ ಸಲಿಗೆಯಿಲ್ಲ, ಅಂತಸ್ತಿದೆ. ‘ಬುದ್ಧಿ’, ‘ಸ್ವಾಮಿ’ ಎಂದು ಕರೆಯಬೇಕಾಗಿದ್ದವರೂ ‘ಏನೋ’, ‘ಏನೇ’ ಎನಿಸಿಕೊಳ್ಳಬೇಕಾಗಿದ್ದವರೂ ಯಾರೆಂಬುದನ್ನು ಹಳ್ಳಿಯ ಜಾತಿವ್ಯವಸ್ಥೆ ಮೊದಲೇ ನಿರ್ಧರಿಸಿಟ್ಟಿತ್ತು.

ಆದುದರಿಂದ ಆಡಿದ ಪದವೊಂದನ್ನೇ ಹಿಡಿದು ತೀರ್ಮಾನಿಸುವಂತಿಲ್ಲ. ಅದೇ ಪದವನ್ನು ತಿರುಗಿಸಿ ಆಡುವ ಅವಕಾಶ ಎದುರಿನವನಿಗೆ ಉಂಟೆ ಎಂದು ಕೇಳಬೇಕು. ಮುಂದಿನ ಭಾಗಗಳಲ್ಲಿ ನಾವು ಈ ಒರೆಗಲ್ಲನ್ನೇ ಬಳಸುತ್ತೇವೆ.

೩. ಅಳತೆ, ನಾಣ್ಯ, ಬೆಲೆ

ಹಿಂದಿನ ಅಂಗಡಿಯ ಜಗಳಕ್ಕೆ ಅಳತೆಯೇ ಮೊದಲ ಕಾರಣ. ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್, ಸೇರು, ಕೊಳಗ, ಖಂಡುಗಗಳು ಊರಿಂದೂರಿಗೆ ಬೇರೆಯಾಗುತ್ತಿದ್ದುದನ್ನು ದಾಖಲಿಸಿದ್ದಾನೆ. ಒಂದೇ ಸೇರಿನಲ್ಲಿಯೂ ಗೋಪುರವಾಗಿ ತುಂಬಿ ಅಳೆಯುವುದಕ್ಕೂ ಬಾಯಿಮಟ್ಟಕ್ಕೆ ಸವರಿ ಅಳೆಯುವುದಕ್ಕೂ ವ್ಯತ್ಯಾಸ ಬಹಳ. ಕೊಳ್ಳುವಾಗ ಗೋಪುರ, ಕೊಡುವಾಗ ಸವರು ಎಂಬುದು ವರ್ತಕರ ಮೇಲಿದ್ದ ಹಳೆಯ ದೂರು. ‘ವ್ಯಾಪಾರಂ ದ್ರೋಹಚಿಂತನಂ’ ಎಂಬ ನಾಣ್ಣುಡಿಯಲ್ಲಿ ಈ ಸಂಶಯವೇ ಅಡಗಿದೆ. ಸಂಶಯದಿಂದ ಆರಂಭವಾದ ಮಾತು ಮೃದುವಾಗಿರುವುದು ಕಷ್ಟ.

ಈ ಸಂಶಯವನ್ನು ಶಮನಗೊಳಿಸುವ ಉಪಾಯವೂ ವ್ಯವಹಾರದೊಳಗೇ ಇದ್ದಿತು. ಅಳೆದಾದ ಮೇಲೆ ಅಂಗಡಿಯವನು ತನ್ನ ಕೈಯಾರೆ ಇನ್ನಷ್ಟು ಹಾಕುತ್ತಿದ್ದುದು ‘ಕೊಸರು’. ಅದರ ಬೆಲೆ ಅತ್ಯಲ್ಪ. ಅದು ಸೂಚಿಸುತ್ತಿದ್ದ ವಿಶ್ವಾಸ ದೊಡ್ಡದು. ಕೊಸರನ್ನು ಕೇಳುವುದು ಗಿರಾಕಿಯ ಸಲಿಗೆಯಾಗಿತ್ತು, ಹಾಕದಿರುವುದು ಅವಮಾನವೆನಿಸುತ್ತಿತ್ತು. ಇತ್ತ ಬೆಳಗಿನ ಬೋಣಿಯ ವೇಳೆಯಲ್ಲಿ ಚೌಕಾಸಿ ಮಾಡಿ ಕೊಳ್ಳದೆ ಹೋಗುವವನು ವರ್ತಕನ ಸಿಟ್ಟಿಗೆ ಗುರಿಯಾಗುತ್ತಿದ್ದನು. ಇಂತು ಇಬ್ಬರಿಗೂ ಹಕ್ಕು, ಇಬ್ಬರಿಗೂ ಕಟ್ಟುಪಾಡು ಇದ್ದುವು.

ಸ್ವಾತಂತ್ರ್ಯಾನಂತರದ ಮೊದಲ ಹದಿನೈದು ವರ್ಷಗಳಲ್ಲಿ ಇದೆಲ್ಲವೂ ಬದಲಾಯಿತು. ೧೯೫೭ರ ಏಪ್ರಿಲ್ ೧ರಂದು ದಶಮಾಂಶ ನಾಣ್ಯ ಬಂದಿತು. ೧೬ ಆಣೆಯ ರೂಪಾಯಿ ೧೦೦ ನಯಾಪೈಸೆಯದಾಯಿತು. ಒಂದು ಆಣೆಗೆ ೬.೨೫ ನಯಾಪೈಸೆ. ಕಾಲು ಪೈಸೆಯ ನಾಣ್ಯವಿಲ್ಲದ್ದರಿಂದ ಒಂದಾಣೆಗೆ ೬, ಎರಡಾಣೆಗೆ ೧೨, ಮೂರಾಣೆಗೆ ೧೯, ನಾಲ್ಕಾಣೆಗೆ ೨೫ ಎಂದು ಎಣಿಸಬೇಕಾಯಿತು. ಆಣೆಯ ಸಾಮಾನನ್ನು ಮೂರು ಸಲ ಕೊಂಡರೆ ೧೮ ಪೈಸೆ, ಒಟ್ಟಿಗೆ ಕೊಂಡರೆ ೧೯. ಲೆಕ್ಕ ಬಲ್ಲವನಿಗೆ ಇದು ವಿನೋದ. ಬಾರದವನಿಗೆ ಮೋಸದ ಅನುಮಾನ. ೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆಯಂತೆ ೧೯೫೮ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಮು, ಲೀಟರುಗಳು ಜಾರಿಗೆ ಬಂದುವು. ೧೯೭೭ರ ಪೊಟ್ಟಣ ಸರಕುಗಳ ನಿಯಮಗಳು ತೂಕವನ್ನೂ ಬೆಲೆಯನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ವಿಧಿಸಿದುವು. ೧೯೯೦ರ ತಿದ್ದುಪಡಿಯ ತರುವಾಯ ಎಲ್ಲ ತೆರಿಗೆಯೂ ಸೇರಿದ ಗರಿಷ್ಠ ಬೆಲೆಯೇ ಅಚ್ಚಾಗಿ ಬರತೊಡಗಿತು.

ನಿಶ್ಚಿತ ಬೆಲೆಗೂ ಸೌಜನ್ಯಕ್ಕೂ ಸಂಬಂಧವುಂಟೆಂಬುದಕ್ಕೆ ಹೊರದೇಶದ ನಿದರ್ಶನ ದೊರೆಯುತ್ತದೆ. ಪ್ಯಾರಿಸಿನ ಬೋನ್ ಮಾರ್ಷೆ ಅಂಗಡಿಯನ್ನು ೧೮೫೨ರ ಬಳಿಕ ಬೆಳೆಸಿದ ಅರಿಸ್ತೀದ್ ಬೂಸಿಕೋ, ಬೆಲೆಯನ್ನು ಬರೆದು ಅಂಟಿಸಿ, ಯಾರು ಬೇಕಾದರೂ ಒಳಗೆ ಬಂದು ನೋಡಿ ಕೊಳ್ಳದೆಯೂ ಹೋಗಬಹುದೆಂಬ ಪದ್ಧತಿಯನ್ನು ರೂಢಿಗೊಳಿಸಿದನು. ಕೊಳ್ಳದೆ ಹೋಗುವ ಸ್ವಾತಂತ್ರ್ಯವೇ ಇಲ್ಲಿ ಮುಖ್ಯವಾದುದು. ನಮ್ಮಲ್ಲಿಯೂ ಮುದ್ರಿತ ಬೆಲೆಯು ಹಲವು ಜಗಳಗಳನ್ನು ನಿವಾರಿಸಿತು. ಕೊಸರು ಮಾತ್ರ ಚೌಕಾಸಿಯೊಡನೆಯೇ ಹೊರಟುಹೋಯಿತು.

೪. ಸಾಲದ ಪುಸ್ತಕ

ಬೆಲೆಯು ಅಚ್ಚಾದರೂ ಸಾಲ ಉಳಿಯಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತನಿಗೆ ಹಣ ಬರುವ ಕಾಲ ನಿಯತವಾದುದು. ಮುಂಗಾರಿನ ಮೊದಲಲ್ಲಿ ಹೊಗೆಸೊಪ್ಪಿನ ಸಸಿಗಳನ್ನು ನೆಡುತ್ತಾನೆ. ಮಳೆಗಾಲದಲ್ಲಿ ಎಲೆ ಮುರಿದು ಬ್ಯಾರನ್ನಿನಲ್ಲಿ ಬೇಯಿಸಿ ಹದಮಾಡುತ್ತಾನೆ. ಮಳೆಗಾಲ ಕಳೆಯುತ್ತ ಬಂದಾಗ ಹರಾಜು ತೆರೆದ ಮೇಲೆ ಅವನ ಕೈಗೆ ದುಡ್ಡು. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ೧೯೮೪ರಲ್ಲಿ ಆರಂಭವಾಯಿತು. ಅದಕ್ಕೆ ಮುಂಚೆ ಬೆಳೆಗಾರನು ವರ್ತಕನು ಹೇಳಿದ ದರಕ್ಕೆ ತಲೆಬಾಗಬೇಕಾಗಿತ್ತು. ನೆಡುವ ತಿಂಗಳುಗಳಲ್ಲಿ ಗೊಬ್ಬರವೂ ದಿನಸಿಯೂ ಸಾಲ. ಸಾಲ ಪಡೆದವನು ಬೇರೆ ಅಂಗಡಿಗೆ ಹೋಗಲಾರನು. ಆಗ ಅದೇ ವರ್ತಕನ ಬಾಯಲ್ಲಿ ‘ಬನ್ನಿ ಗೌಡರೆ’ ಎಂಬುದು ‘ಹಳೇದು ಯಾವಾಗ ಕೊಡ್ತೀಯ?’ ಎಂದಾಗುತ್ತದೆ. ಮನುಷ್ಯರು ಬದಲಾಗಿಲ್ಲ, ತಿಂಗಳು ಬದಲಾಗಿದೆ. ಒರಟುತನವು ಸ್ವಭಾವದೋಷವೇ ಆಗಿದ್ದರೆ ಋತುವಿನೊಡನೆ ಏರಿಳಿಯಬೇಕಾದ ಕಾರಣವಿರಲಿಲ್ಲ.

ವರ್ತಕನ ಪಕ್ಷವನ್ನೂ ಹೇಳಬೇಕು. ಸಣ್ಣ ಅಂಗಡಿಯವನು ತಾನೂ ನಗರದ ಸಗಟು ವರ್ತಕನಿಗೆ ಬಾಕಿದಾರ. ಹಳ್ಳಿಯಿಂದ ಬರಬೇಕಾದುದು ಬಾರದಿದ್ದರೆ ಅವನ ಅಂಗಡಿಯೇ ಮುಚ್ಚಬಹುದು. ‘ಇಂದು ನಗದು, ನಾಳೆ ಸಾಲ’ ಎಂಬ ಫಲಕವು ನೋಡುವವರಿಗೆ ಹಾಸ್ಯವಾಗಿ ಕಂಡರೂ, ಬಾಯಿಬಿಟ್ಟು ಇಲ್ಲವೆನ್ನಲಾರದವನು ಬರೆಯಿಸಿಕೊಂಡ ಉತ್ತರವದು. ಮುಖ ಮುರಿಯದೆ ನಿರಾಕರಿಸುವ ಒಂದು ಬಗೆಯ ಸೌಜನ್ಯ.

ಆದಿವಾಸಿ ಕುಟುಂಬಗಳ ಅವಲಂಬನೆ ಇನ್ನೂ ಆಳವಾದುದು. ಜೇನು, ಸೀಗೆ, ನೆಲ್ಲಿಗಳನ್ನು ತಂದು ಕೊಡುವವನಿಗೆ ಬೆಲೆ ಹೇಳುವವನೂ, ಅದರ ಬದಲು ಅಕ್ಕಿ ಉಪ್ಪು ಕೊಡುವವನೂ ಒಬ್ಬನೇ ಆದಾಗ, ಮಾತಿನ ಮರ್ಯಾದೆಯನ್ನು ಕೇಳುವ ಧೈರ್ಯ ಎಲ್ಲಿಂದ ಬರಬೇಕು? ಕಬಿನಿ ಜಲಾಶಯದಿಂದಲೂ ವನ್ಯಜೀವಿ ರಕ್ಷಿತಾರಣ್ಯಗಳಿಂದಲೂ ನೆಲೆ ತಪ್ಪಿದ ಕುಟುಂಬಗಳಿಗೆ ಅಂಗಡಿಯ ಅಗತ್ಯ ಹೆಚ್ಚಿತೇ ಹೊರತು ಅಂಗಡಿಯ ಮುಂದೆ ಬಲ ಹೆಚ್ಚಲಿಲ್ಲ. ಲ್ಯಾಂಪ್ಸ್ ಎಂಬ ಆದಿವಾಸಿ ಸಹಕಾರ ಸಂಘಗಳು ಹುಟ್ಟಿದುದು ಈ ಗಂಟನ್ನು ಬಿಡಿಸುವ ಉದ್ದೇಶದಿಂದಲೇ. ಹುಣಸೂರು, ಹೆಗ್ಗಡದೇವನಕೋಟೆಗಳಲ್ಲಿಯೂ ಅಂಥ ಸಂಘಗಳುಂಟು.

೫. ಅಂಗಡಿಯ ಬಾಗಿಲು ಮತ್ತು ಸಂವಿಧಾನ

ಸಾಲಕ್ಕಿಂತ ಹಳೆಯದಾದ ಅಡ್ಡಿ ಅಸ್ಪೃಶ್ಯತೆ. ಸಾಮಾನನ್ನು ದೂರದಿಂದ ಎಸೆಯುವುದು, ದುಡ್ಡನ್ನು ನೆಲದ ಮೇಲೆ ಇಡಿಸಿ ನೀರು ಚಿಮುಕಿಸಿ ತೆಗೆದುಕೊಳ್ಳುವುದು, ಚಹದ ಅಂಗಡಿಯಲ್ಲಿ ಬೇರೆ ಲೋಟ ಇಡುವುದು, ಇವು ವ್ಯಕ್ತಿಯ ಮುಂಗೋಪದಿಂದ ಆದುವಲ್ಲ. ಇಂಥ ವರ್ತನೆಯನ್ನು ಒಬ್ಬನು ನಗುಮುಖದಿಂದಲೂ ನಡೆಸಬಹುದಾಗಿತ್ತು. ಆದುದರಿಂದ ಇದನ್ನು ತಿದ್ದುವ ಹೊಣೆಯನ್ನು ರಾಜ್ಯಾಂಗವೇ ಹೊರಬೇಕಾಯಿತು.

ಮೈಸೂರು ಸಂಸ್ಥಾನವು ಸಾಮಾಜಿಕ ಅನರ್ಹತೆಗಳನ್ನು ನಿವಾರಿಸುವ ಕಾಯಿದೆಯೊಂದನ್ನು ೧೯೪೩ರಲ್ಲಿ ಮಾಡಿತು. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನದ ೧೫ನೆಯ ಅನುಚ್ಛೇದದ ಎರಡನೆಯ ಖಂಡವು, ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾವ ಪ್ರಜೆಗೂ ಅಂಗಡಿ, ಉಪಾಹಾರಗೃಹ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳಗಳ ಪ್ರವೇಶದಲ್ಲಿ ಅಡ್ಡಿಯಾಗಕೂಡದೆಂದು ಸಾರಿತು. ದೇಶದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ‘ಅಂಗಡಿ’ ಎಂಬ ಸಾಮಾನ್ಯ ಪದ ಇರುವುದನ್ನು ನಾವು ಗಮನಿಸಬೇಕು. ೧೯೪೮ರ ನವೆಂಬರ್ ೨೯ರಂದು ಸಂವಿಧಾನ ರಚನಾ ಸಭೆಯಲ್ಲಿ ಈ ಪದದ ವ್ಯಾಪ್ತಿಯ ಬಗ್ಗೆ ಪ್ರಶ್ನೆ ಎದ್ದಾಗ ಡಾ. ಅಂಬೇಡ್ಕರ್ ಅದನ್ನು ವಿಶಾಲಾರ್ಥದಲ್ಲಿ ವಿವರಿಸಿದರು: ತನ್ನ ಸೇವೆಯನ್ನು ಬಯಸಿ ಬಂದವರಿಗೆಲ್ಲ ಅದನ್ನು ನೀಡಲು ಸಿದ್ಧನಾದವನು ಕುಳಿತಿರುವ ಸ್ಥಳವೇ ಅಂಗಡಿ ಎಂಬುದು ಅವರ ಅಭಿಪ್ರಾಯದ ಸಾರ. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿವರಣೆಯನ್ನು ನೆನೆದಿತು.

೧೯೫೫ರ ಅಸ್ಪೃಶ್ಯತೆ (ಅಪರಾಧಗಳ) ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ೧೯೭೬ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂಬ ಹೆಸರನ್ನು ಪಡೆದ ಅದರ ಆರನೆಯ ಪ್ರಕರಣದ ಪ್ರಕಾರ, ಇತರರಿಗೆ ಮಾರುವ ವೇಳೆಯಲ್ಲಿ, ಮಾರುವ ಸ್ಥಳದಲ್ಲಿ, ಮಾರುವ ಷರತ್ತುಗಳ ಮೇಲೆಯೇ ಅಸ್ಪೃಶ್ಯತೆಯ ಕಾರಣದಿಂದ ಮಾರಲೊಪ್ಪದಿರುವುದು ಅಪರಾಧ. ವೇಳೆ ಮತ್ತು ಸ್ಥಳ ಎಂಬ ಎರಡು ಪದಗಳು ಇಲ್ಲಿ ವ್ಯರ್ಥವಾಗಿ ಬಂದಿಲ್ಲ. ಸಾಮಾನನ್ನು ಕೊಟ್ಟೇ ಕೊಡುತ್ತಾರೆ, ಆದರೆ ಎಲ್ಲರಿಗೂ ಕೊಟ್ಟಾದ ಮೇಲೆ. ಕೊಟ್ಟೇ ಕೊಡುತ್ತಾರೆ, ಆದರೆ ಹಿತ್ತಲ ಕಡೆಯಲ್ಲಿ. ಕಾಯಿಸುವುದೂ ಅವಮಾನದ ಒಂದು ರೀತಿಯೆಂಬುದನ್ನು ಶಾಸನ ರಚಿಸಿದವರು ಅರಿತಿದ್ದರು.

೬. ಬೇರೆ ಅಂಗಡಿ ಇಲ್ಲದವನು

ಸ್ಪರ್ಧೆಯಿಲ್ಲದ ಅಂಗಡಿಯಲ್ಲಿ ಮಾತು ಹೇಗಿರುತ್ತದೆ ಎಂಬುದಕ್ಕೆ ನ್ಯಾಯಬೆಲೆ ಅಂಗಡಿ ಬಹುಕಾಲ ಉದಾಹರಣೆಯಾಗಿತ್ತು. ಪಡಿತರ ಚೀಟಿಯು ಒಂದು ಅಂಗಡಿಗೆ ಕಟ್ಟುಬಿದ್ದುದು. ಅಲ್ಲಿ ಸಿಗದಿದ್ದರೆ ಮತ್ತೆಲ್ಲಿಯೂ ಇಲ್ಲ. ‘ನಾಳೆ ಬಾ’ ಎಂದವನನ್ನು ಎದುರಿಸಿ ಮಾತನಾಡಿದರೆ ಮುಂದಿನ ತಿಂಗಳೂ ಅವನ ಮುಂದೆಯೇ ನಿಲ್ಲಬೇಕು. ೨೦೨೦ರ ಜನವರಿಯಲ್ಲಿ ಕರ್ನಾಟಕವೂ ಸೇರಿದ ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಿಂದ ಬೇರೆ ಅಂಗಡಿಯಲ್ಲಿಯೂ ಧಾನ್ಯ ಪಡೆಯುವ ಅವಕಾಶ ದೊರೆಯಿತು. ಕೂಲಿಗೆ ಊರೂರು ಅಲೆಯುವವರ ಹೊಟ್ಟೆಗೆ ಇದು ಅನುಕೂಲವೆಂದು ಎಲ್ಲರೂ ಹೇಳುತ್ತಾರೆ. ಅವರ ಮಾನಕ್ಕೂ ಅನುಕೂಲವೆಂಬುದನ್ನು ನಾವು ಸೇರಿಸಬಯಸುತ್ತೇವೆ. ಆದರೆ ಹಾಡಿಯ ಸಮೀಪದಲ್ಲಿ ಎರಡನೆಯ ಅಂಗಡಿಯೇ ಇಲ್ಲದಿದ್ದರೆ ಈ ಸ್ವಾತಂತ್ರ್ಯ ಕಾಗದದ ಮೇಲಷ್ಟೆ.

೭. ಉಡುಪಿನ ಪರೀಕ್ಷೆ

ಅಂಗಡಿಗಳು ದೊಡ್ಡವಾದಂತೆ ಗಿರಾಕಿಯ ಗುರುತು ಅಂಗಡಿಯವನಿಗೆ ತಪ್ಪಿತು. ಊರಿನ ಅಂಗಡಿಯಲ್ಲಿ ಅವನ ಕುಲ, ಸಾಲ, ಹೊಲ ಎಲ್ಲವೂ ತಿಳಿದಿರುತ್ತಿದ್ದುವು. ನಗರದ ಮಳಿಗೆಯಲ್ಲಿ ತಿಳಿಯುವುದು ಉಡುಪು ಮತ್ತು ಭಾಷೆ ಮಾತ್ರ. ೨೦೨೨ರ ಜನವರಿಯಲ್ಲಿ ತುಮಕೂರಿನ ವಾಹನ ಮಳಿಗೆಯೊಂದಕ್ಕೆ ಹೂ ಬೆಳೆಗಾರನೊಬ್ಬನು ಗೆಳೆಯರೊಡನೆ ಸರಕು ವಾಹನ ಕೊಳ್ಳಲು ಹೋದಾಗ, ಅಲ್ಲಿಯ ನೌಕರನು ಅವನ ವೇಷವನ್ನು ನೋಡಿ ಅವನ ಬಳಿ ಹಣವಿರಲಾರದೆಂದು ಹೀಯಾಳಿಸಿದನು. ರೈತನು ಸ್ವಲ್ಪ ಹೊತ್ತಿನಲ್ಲಿಯೇ ೧೦ ಲಕ್ಷ ರೂಪಾಯಿಗಳನ್ನು ತಂದು ಮುಂದಿಟ್ಟನು. ಕಡೆಗೆ ಮಳಿಗೆಯವರು ಕ್ಷಮೆ ಕೇಳಿದರು. ೨೦೨೪ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ವೃದ್ಧರೊಬ್ಬರು ಪಂಚೆಯುಟ್ಟು ಮಗನೊಡನೆ ಬೆಂಗಳೂರಿನ ಮಾಗಡಿ ರಸ್ತೆಯ ಮಾಲಿಗೆ ಚಲನಚಿತ್ರ ನೋಡಲು ಹೋದಾಗ ಅವರನ್ನು ಬಾಗಿಲಲ್ಲಿಯೇ ತಡೆದರು. ಪ್ರತಿಭಟನೆ ನಡೆದು, ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲಿ ಪ್ರಕಟಿಸಿತು.

ಈ ಎರಡು ಪ್ರಸಂಗಗಳನ್ನೂ ಜನ ಸಂತೋಷದಿಂದ ಹೇಳಿಕೊಂಡರು. ನಮಗೆ ತೋರುವ ಸಂದೇಹವೊಂದುಂಟು. ತುಮಕೂರಿನ ರೈತನು ಗೆದ್ದುದು ಹಣವನ್ನು ತಂದಿಟ್ಟುದರಿಂದ. ಹಣ ತರಲಾರದವನು, ಬೆಲೆ ಕೇಳಿ ಹೋಗಲು ಮಾತ್ರ ಬಂದವನು, ಆ ಅವಮಾನಕ್ಕೆ ಅರ್ಹನಾಗಿದ್ದನೆ? ಇನ್ನು ೧೫ನೆಯ ಅನುಚ್ಛೇದದ ಪಟ್ಟಿಯಲ್ಲಿ ಜಾತಿಯುಂಟು, ಧರ್ಮವುಂಟು, ಪಂಚೆಯಿಲ್ಲ. ಗ್ರಾಹಕ ಸಂರಕ್ಷಣೆಯ ೧೯೮೬ರ ಕಾಯಿದೆಯಾಗಲಿ ಅದರ ಸ್ಥಾನಕ್ಕೆ ಬಂದ ೨೦೧೯ರ ಕಾಯಿದೆಯಾಗಲಿ ಸರಕಿನ ದೋಷ, ಸೇವೆಯ ಕೊರತೆ, ಹೆಚ್ಚಿನ ಬೆಲೆಗಳನ್ನು ಹೇಳುತ್ತವೆ. ಒರಟು ಮಾತನ್ನು ಪ್ರತ್ಯೇಕ ದೋಷವಾಗಿ ಹೆಸರಿಸಿಲ್ಲ. ಹಳೆಯ ಅಂತಸ್ತು ಉಡುಪಿನ ಹೆಸರಿನಲ್ಲಿ ಬಂದರೆ ಅದನ್ನು ಹಿಡಿಯುವುದು ಶಾಸನಕ್ಕೆ ಸುಲಭವಲ್ಲ.

೮. ನಿಂತೇ ಇರುವವರು

ಮಾಲಿನ ಬಾಗಿಲಲ್ಲಿ ತಡೆದವನು ಕಾವಲುಗಾರ. ಅವನೂ ಸಂಬಳಕ್ಕೆ ನಿಂತವನು. ಇಲ್ಲಿ ವಿಷಯದ ಇನ್ನೊಂದು ಮುಖ ಎದುರಾಗುತ್ತದೆ. ಬಟ್ಟೆಯ ಅಂಗಡಿಯಲ್ಲಿ ಐವತ್ತು ಸೀರೆಗಳನ್ನು ಬಿಚ್ಚಿ ತೋರಿಸಿದ ಹುಡುಗಿಗೆ ‘ಏಯ್, ಬೇರೆ ತೆಗಿ’ ಎನ್ನುವ ಗಿರಾಕಿಯೂ, ದುಡ್ಡನ್ನು ಕೈಗೆ ಕೊಡದೆ ಮೇಜಿನ ಮೇಲೆ ಎಸೆಯುವವನೂ ಅದೇ ಒರೆಗಲ್ಲಿನಲ್ಲಿ ಸೋಲುತ್ತಾರೆ. ಹುಡುಗಿಗೆ ಆ ಮಾತನ್ನು ತಿರುಗಿಸಿ ಆಡುವ ಅವಕಾಶವಿಲ್ಲ. ಆಡಿದರೆ ಕೆಲಸ ಹೋಗುತ್ತದೆ. ‘ಗ್ರಾಹಕನೇ ದೇವರು’ ಎಂಬ ಫಲಕ ಅವಳ ತಲೆಯ ಮೇಲೆಯೇ ತೂಗುತ್ತಿರುತ್ತದೆ. ಗಿರಾಕಿಯೇ ಅತಿಮುಖ್ಯ ಅತಿಥಿಯೆಂದು ಗಾಂಧೀಜಿಯವರ ಹೆಸರಿನಲ್ಲಿ ತೂಗುಹಾಕುವ ಇನ್ನೊಂದು ವಾಕ್ಯವುಂಟು. ಅದು ಅವರದೆನ್ನಲು ಆಧಾರ ದೊರೆತಿಲ್ಲ. ಅದನ್ನು ಹೋಲುವ ಮಾತುಗಳು ೧೯೪೧ರಲ್ಲಿ ಅಮೆರಿಕದ ಮೋಟಾರು ಕಂಪನಿಯೊಂದರ ಅಧಿಕಾರಿಯ ಹೆಸರಿನಲ್ಲಿ ಅಚ್ಚಾಗಿವೆ.

ಇಂಗ್ಲೆಂಡಿನಲ್ಲಿ ೧೮೯೯ರಷ್ಟು ಹಿಂದೆಯೇ, ಅಂಗಡಿಯಲ್ಲಿ ದುಡಿಯುವ ಮೂವರು ಹೆಂಗಸರಿಗೆ ಒಂದರಂತೆ ಪೀಠವಿರಬೇಕೆಂದು ಕಾಯಿದೆಯಾಯಿತು. ನಮ್ಮಲ್ಲಿ ೧೯೬೧ರ ಮೈಸೂರು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ದಿನಕ್ಕೆ ೯ ಗಂಟೆ, ವಾರಕ್ಕೆ ೪೮ ಗಂಟೆ, ವಾರಕ್ಕೊಂದು ರಜೆ ಎಂದು ಗೊತ್ತುಮಾಡಿತು. ಹೆಗ್ಗಡದೇವನಕೋಟೆಯ ಗಡಿಯಾಚೆಯ ಕೇರಳದಲ್ಲಿ ಬಟ್ಟೆಯಂಗಡಿಗಳ ಮಹಿಳಾ ಕೆಲಸಗಾರರು ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಕಲ್ಲಿಕೋಟೆಯು ಆ ಚಳವಳಿಯ ಮುಖ್ಯ ನೆಲೆಯಾಗಿತ್ತು. ೨೦೧೮ರಲ್ಲಿ ಅಲ್ಲಿಯ ಕಾಯಿದೆಗೆ ತಿದ್ದುಪಡಿಯಾಗಿ ಆ ಹಕ್ಕು ದೊರೆಯಿತು. ೨೦೨೧ರಲ್ಲಿ ತಮಿಳುನಾಡು ಅದನ್ನು ಅನುಸರಿಸಿತು. ಬೆಳಗಿನಿಂದ ನಿಂತವರ ಕಾಲುನೋವು ಸಂಜೆಯ ವೇಳೆಗೆ ಮಾತಿನಲ್ಲಿ ಕಾಣಿಸಿಕೊಳ್ಳುವುದು ಸಹಜ. ಕೆಲಸಗಾರರ ಸೌಜನ್ಯವನ್ನು ಬಯಸುವ ಯಜಮಾನನು ನಗುವುದನ್ನು ಕಲಿಸುವ ಮೊದಲು ಒಂದು ಪೀಠವನ್ನು ಹಾಕ್ಕಿಕೊಡುವುದು ಯುಕ್ತ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಸಿದ್ಧಿಸುವ ಅಂಶಗಳನ್ನು ಸಂಗ್ರಹವಾಗಿ ಹೇಳಬಹುದು. ಅಳತೆಯೂ ಬೆಲೆಯೂ ನಿಶ್ಚಿತವಾದಾಗ ಸಂಶಯದಿಂದ ಹುಟ್ಟುವ ಜಗಳ ತಗ್ಗುತ್ತದೆ. ಗಿರಾಕಿಯು ಸಾಲದಿಂದಲೂ ಏಕಮಾತ್ರ ಅಂಗಡಿಯ ಕಟ್ಟಿನಿಂದಲೂ ಬಿಡುಗಡೆ ಹೊಂದಿದಾಗ ವರ್ತಕನ ಮಾತು ತಾನಾಗಿ ತಿದ್ದಿಕೊಳ್ಳುತ್ತದೆ. ಕೆಲಸಗಾರನು ಯಜಮಾನನ ಭಯದಿಂದ ಬಿಡುಗಡೆ ಹೊಂದಿದಾಗ ಗಿರಾಕಿಯ ಮಾತು ತಿದ್ದಿಕೊಳ್ಳುತ್ತದೆ. ಜಾತಿಯ ಅವಮಾನಕ್ಕೆ ಮಾತ್ರ ಇವಾವುವೂ ಸಾಲವು. ಅಲ್ಲಿ ಶಾಸನವೂ ಅದನ್ನು ಜಾರಿಗೆ ತರುವ ಮನಸ್ಸೂ ಬೇಕು.

ಕಡೆಯದಾಗಿ ಒಂದು ಸೂಚನೆ. ಈ ವಿಷಯದ ಮುಖ್ಯ ಆಧಾರಗಳು ಯಾವ ಪತ್ರಾಗಾರದಲ್ಲಿಯೂ ಇಲ್ಲ. ಅವು ಹಳೆಯ ಅಂಗಡಿಗಳ ಅಟ್ಟದ ಮೇಲಿವೆ. ಸಾಲದ ಪುಸ್ತಕದಲ್ಲಿ ಯಾರ ಹೆಸರಿನ ಮುಂದೆ ‘ಶ್ರೀ’ ಇದೆ, ಯಾರನ್ನು ತಂದೆಯ ಹೆಸರಿಲ್ಲದೆ, ಹಾಡಿಯ ಹೆಸರಿನಿಂದಷ್ಟೇ ಬರೆದಿದೆ ಎಂಬುದೂ ಚರಿತ್ರೆಯೇ. ದೂರವಾಣಿಯಲ್ಲಿಯೇ ಹಣ ಸಲ್ಲುವ ಈ ಕಾಲದಲ್ಲಿ ಅಂಥ ಪುಸ್ತಕಗಳು ರದ್ದಿಗೆ ಹೋಗುತ್ತಿವೆ. ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಿರಿಯ ವರ್ತಕರನ್ನೂ, ಅವರ ಅಂಗಡಿಯ ಮುಂದೆ ನಿಂತು ಕಾದ ಹಿರಿಯರನ್ನೂ ಕೇಳಿ ಬರೆದಿಟ್ಟರೆ, ಬರಿಯ ಶಾಸನಗಳಿಂದ ತಿಳಿಯದ ಎಷ್ಟೋ ವಿಷಯ ಉಳಿಯುತ್ತದೆ. ಕಾದವರನ್ನು ಕೇಳುವುದು ಮೊದಲು ನಡೆಯಬೇಕು, ಏಕೆಂದರೆ ಅವರ ಬಳಿ ಪುಸ್ತಕಗಳಿಲ್ಲ.